ರೈತರ ಹೆಸರು ಒಂದೇ ಕಡೆ ಬರೆಯಿರಿ, ಉಳಿದ ಶೀಟುಗಳಿಗೆ ಫಾರ್ಮುಲಾ ತರಲಿ: ಮಂಡಿ ಲೆಕ್ಕಕ್ಕೊಂದು ಮಾರ್ಗದರ್ಶಿ

ಟೊಮೆಟೊ ಸೀಸನ್ನಿನಲ್ಲಿ ಕೋಲಾರದ ಎಪಿಎಂಸಿ ಮಂಡಿಗಳಲ್ಲಿ ಲೆಕ್ಕ ಬರೆಯುವವರ ಕೆಲಸ ಹರಾಜಿಗಿಂತ ಮೊದಲೇ ಶುರುವಾಗಿ, ಕೊನೆಯ ಲಾರಿ ಹೊರಟ ಮೇಲೂ ಮುಗಿಯುವುದಿಲ್ಲ. ಒಬ್ಬ ರೈತರ ಹೆಸರು ಎಷ್ಟು ಕಡೆ ಬರುತ್ತದೆ ನೋಡಿ: ಆವಕದ ಶೀಟಿನಲ್ಲಿ, ಬಿಲ್ಲಿನಲ್ಲಿ, ಮುಂಗಡದ ಲೆಕ್ಕದಲ್ಲಿ, ಬಾಡಿಗೆ ಲೆಕ್ಕದಲ್ಲಿ, ಬ್ಯಾಂಕಿಗೆ ಕಳಿಸುವ ಪಟ್ಟಿಯಲ್ಲಿ. ಪ್ರತಿ ಕಡೆಯೂ ಕೈಯಿಂದ ಟೈಪ್ ಮಾಡುತ್ತಾ ಹೋದರೆ ಒಂದಲ್ಲ ಒಂದು ಕಡೆ ಅಕ್ಷರ ತಪ್ಪುತ್ತದೆ. ರೈತರು ಬ್ಯಾಂಕ್ ಖಾತೆ ಬದಲಾಯಿಸಿದಾಗ ಒಂದು ಶೀಟಿನಲ್ಲಿ ಹೊಸ ನಂಬರ್ ಬರುತ್ತದೆ, ಇನ್ನೊಂದರಲ್ಲಿ ಹಳೆಯದೇ ಉಳಿಯುತ್ತದೆ.

ಇದು ಸಣ್ಣ ವಿಷಯವಲ್ಲ. 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಬಾಕ್ಸಿನ ದರ 2,000 ರೂಪಾಯಿ ದಾಟಿತ್ತು. ಆ ದರದಲ್ಲಿ 85 ಬಾಕ್ಸ್ ತಂದ ರೈತರಿಗೆ ಸೇರಬೇಕಾದ್ದು 1,70,000 ರೂಪಾಯಿಗೂ ಮೇಲೆ. ಒಂದು ಸಾಲು ಆಚೀಚೆಯಾದರೆ ಅಷ್ಟೂ ಹಣ ಬೇರೆಯವರ ಹೆಸರಿಗೆ ಬರೆದಂತೆ. ಆದ್ದರಿಂದ ಒಂದು ವಿಷಯವನ್ನು ಒಂದೇ ಕಡೆ ಬರೆಯಬೇಕು, ಬೇಕಾದ ಕಡೆಗೆಲ್ಲ ಅದನ್ನು ಫಾರ್ಮುಲಾ ತರಬೇಕು. ಎಕ್ಸೆಲ್‌ನಲ್ಲಾಗಲಿ, ಗೂಗಲ್ ಶೀಟ್ಸ್‌ನಲ್ಲಾಗಲಿ, ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಾಗಲಿ ಇದನ್ನು ಮಾಡಬಹುದು. ಇಲ್ಲಿ ಎಕ್ಸೆಲ್ ಹಿಡಿದು ಹೇಳುತ್ತೇನೆ, ಬೇರೆ ಕಡೆ ವ್ಯತ್ಯಾಸವಿದ್ದರೆ ಅಲ್ಲಲ್ಲೇ ತಿಳಿಸುತ್ತೇನೆ.

ಒಂದು ಸೂಚನೆ. ಫಾರ್ಮುಲಾಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಶೀಟಿನ ಹೆಸರು ಕನ್ನಡದಲ್ಲಿರಬಹುದು, ಆದರೆ ಫಂಕ್ಷನ್ನಿನ ಹೆಸರು ಮತ್ತು ಕಾಲಂ ಅಕ್ಷರಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಮೊದಲೆರಡು ಅಕ್ಷರ ಒತ್ತುತ್ತಿದ್ದಂತೆ ಕೆಳಗೆ ಫಂಕ್ಷನ್ನುಗಳ ಪಟ್ಟಿ ಇಳಿಯುತ್ತದೆ, ಅಲ್ಲಿಂದಲೇ ಆರಿಸಿಕೊಳ್ಳಬಹುದು.

ಫಾರ್ಮುಲಾಗಿಂತ ಮೊದಲು: ಪ್ರತಿ ರೈತರಿಗೂ ಒಂದು ಸಂಖ್ಯೆ

ನಮ್ಮ ಕಡೆ ಒಂದೇ ಊರಿನಲ್ಲಿ ಇಬ್ಬರು ಮೂವರು ನಾರಾಯಣಸ್ವಾಮಿಗಳು ಇರುವುದು ಮಾಮೂಲು. ಇನಿಷಿಯಲ್ ಹಾಕಿದರೂ ಒಮ್ಮೆ ಚುಕ್ಕಿ ಇಟ್ಟು, ಒಮ್ಮೆ ಬಿಟ್ಟು ಬರೆದಿರುತ್ತೇವೆ. ಮನುಷ್ಯರ ಕಣ್ಣಿಗೆ ಎರಡೂ ಒಂದೇ, ಫಾರ್ಮುಲಾಗೆ ಮಾತ್ರ ಬೇರೆ ಬೇರೆ. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇದ್ದರೂ ಅದು ಹೊಂದಿಕೆಯಾಗುವುದಿಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರೂ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಹೆಸರೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ, ಆದರೆ ಒಳಗಿರುವ ಅಕ್ಷರಗಳೇ ಬೇರೆ. ಹೆಸರನ್ನು ನಂಬಿ ಶೀಟುಗಳನ್ನು ಜೋಡಿಸಲು ಹೊರಟರೆ ಇಲ್ಲೇ ಎಡವುತ್ತೇವೆ.

ಹಾಗಾಗಿ ಮೊದಲು ‘ರೈತರು’ ಎಂಬ ಶೀಟ್ ಮಾಡಿ. ಎ ಕಾಲಂನಲ್ಲಿ ಸಂಖ್ಯೆ, ಬಿಯಲ್ಲಿ ಹೆಸರು, ಸಿಯಲ್ಲಿ ಊರು, ಡಿಯಲ್ಲಿ ಫೋನ್, ಇಯಲ್ಲಿ ಬ್ಯಾಂಕ್ ಖಾತೆ. ಸಂಖ್ಯೆಯನ್ನು 001 ಅಂತ ಶುರು ಮಾಡಬೇಡಿ, ಎಕ್ಸೆಲ್ ಮುಂದಿನ ಸೊನ್ನೆಗಳನ್ನು ಕಿತ್ತುಹಾಕುತ್ತದೆ. 1001ರಿಂದ ಶುರು ಮಾಡಿ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಆ ರೈತರು ಬರುವುದನ್ನು ನಿಲ್ಲಿಸಿದರೂ ಇನ್ನೊಬ್ಬರಿಗೆ ಕೊಡಬಾರದು.

ಖಾತೆ ನಂಬರಿನ ಕಾಲಂ ಬಗ್ಗೆ ವಿಶೇಷ ಎಚ್ಚರ ಬೇಕು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ, 16ನೆಯದನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ಕೆಲವು ಬ್ಯಾಂಕುಗಳ ಖಾತೆ ನಂಬರ್ 16 ಅಂಕಿಯದ್ದೇ ಇರುತ್ತದೆ. ನಂಬರ್ ತುಂಬುವುದಕ್ಕೆ ಮೊದಲೇ ಆ ಕಾಲಂ ಪೂರ್ತಿ ಆಯ್ದು, ಫಾರ್ಮ್ಯಾಟನ್ನು ಟೆಕ್ಸ್ಟ್ ಎಂದು ಬದಲಾಯಿಸಿ. ತುಂಬಿದ ಮೇಲೆ ಬದಲಾಯಿಸಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ.

ಇನ್ನು ಶೀಟುಗಳ ಹೆಸರು. ಚಿಕ್ಕದಾಗಿರಲಿ, ನಡುವೆ ಸ್ಪೇಸ್ ಬೇಡ. ಗರಿಷ್ಠ ಮಿತಿ 31 ಅಕ್ಷರ. ಓರೆಗೆರೆ ಹಾಕುವಂತಿಲ್ಲ, ಆದ್ದರಿಂದ 12/07 ಅಂತ ತಾರೀಖನ್ನೇ ಶೀಟಿನ ಹೆಸರು ಮಾಡಲು ಬರುವುದಿಲ್ಲ. ನಮ್ಮ ಉದಾಹರಣೆಗೆ ರೈತರು, ಆವಕ, ಬಾಡಿಗೆ, ಮುಂಗಡ, ಬಿಲ್ ಎಂಬ ಐದು ಶೀಟು ಸಾಕು.

ಒಂದು ಶೀಟಿನಿಂದ ಇನ್ನೊಂದಕ್ಕೆ ನೇರ ಲಿಂಕ್

ಎಲ್ಲಕ್ಕಿಂತ ಸುಲಭದ್ದು ಇದು. ಮೌಲ್ಯ ಬರಬೇಕಾದ ಸೆಲ್‌ನಲ್ಲಿ ಸಮ ಚಿಹ್ನೆ ಒತ್ತಿ, ಕೆಳಗಿನ ಟ್ಯಾಬ್‌ನಿಂದ ಇನ್ನೊಂದು ಶೀಟಿಗೆ ಹೋಗಿ, ಬೇಕಾದ ಸೆಲ್ ಕ್ಲಿಕ್ ಮಾಡಿ, ಎಂಟರ್ ಒತ್ತಿ. ಫಾರ್ಮುಲಾ ಹೀಗೆ ಬರುತ್ತದೆ:

=ಆವಕ!ಸಿ60

ಶೀಟಿನ ಹೆಸರು, ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ ಸೆಲ್. ಗೂಗಲ್ ಶೀಟ್ಸ್‌ನಲ್ಲೂ ಇದೇ ರೀತಿ. ಲಿಬ್ರೆಆಫೀಸ್‌ನಲ್ಲಿ ಆಶ್ಚರ್ಯಸೂಚಕದ ಬದಲು ಚುಕ್ಕಿ ಇರುತ್ತದೆ. ಶೀಟಿನ ಹೆಸರಿನಲ್ಲಿ ಸ್ಪೇಸ್ ಇದ್ದರೆ ಅದರ ಎರಡೂ ಕಡೆ ಒಂಟಿ ಉದ್ಧರಣ ಚಿಹ್ನೆ ಬೇಕು. ಟೈಪ್ ಮಾಡುವ ಬದಲು ಕ್ಲಿಕ್ ಮಾಡಿದರೆ ಇದೆಲ್ಲ ತಾನಾಗಿಯೇ ಬೀಳುತ್ತದೆ, ಅದಕ್ಕೇ ಕ್ಲಿಕ್ ಮಾಡುವ ದಾರಿಯನ್ನೇ ರೂಢಿ ಮಾಡಿಕೊಳ್ಳಿ. ಮೂಲದ ಸೆಲ್ ಖಾಲಿ ಇದ್ದರೆ ಇಲ್ಲಿ ಸೊನ್ನೆ ಕಾಣಿಸುತ್ತದೆ, ಗಾಬರಿ ಬೇಡ.

ನೇರ ಲಿಂಕನ್ನು ಎಲ್ಲಿ ಬಳಸಬೇಕು ಎಂಬುದು ಮುಖ್ಯ. ದಿನದ ಒಟ್ಟು ಬಾಕ್ಸ್, ತಿಂಗಳ ಒಟ್ಟು ಮೊತ್ತ, ಮಂಡಿಯ ಹೆಸರು ವಿಳಾಸ, ಹೀಗೆ ಜಾಗ ಬಿಟ್ಟು ಕದಲದ ವಿಷಯಗಳಿಗೆ ಅದು ಸರಿ. ರೈತರ ಹೆಸರಿಗೆ ಸರಿಯಲ್ಲ. =ರೈತರು!ಬಿ43 ಎಂದು ಬರೆದರೆ ‘43ನೇ ಸಾಲಿನಲ್ಲಿ ಯಾರಿದ್ದಾರೋ ಅವರನ್ನು ತಾ’ ಎಂದಷ್ಟೇ ಅರ್ಥ. ನಾಳೆ ಯಾರೋ ರೈತರ ಪಟ್ಟಿಯನ್ನು ಊರಿನ ಪ್ರಕಾರ ಸಾರ್ಟ್ ಮಾಡಿದರೆ 43ನೇ ಸಾಲಿಗೆ ಬೇರೆಯವರು ಬಂದು ಕೂರುತ್ತಾರೆ, ನಿಮ್ಮ ಬಿಲ್ಲಿನಲ್ಲಿ ಹೆಸರು ಬದಲಾಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಸಾಲು ನೋಡದೆ ಸಂಖ್ಯೆ ನೋಡಿ ಹುಡುಕುವ ಫಾರ್ಮುಲಾ ಬೇಕು.

ಸಂಖ್ಯೆ ಕೊಟ್ಟು ಹೆಸರು ತರಿಸುವುದು

‘ಆವಕ’ ಶೀಟಿನಲ್ಲಿ ಎ ಕಾಲಂ ದಿನಾಂಕ, ಬಿ ರೈತರ ಸಂಖ್ಯೆ, ಸಿ ಬಾಕ್ಸ್, ಡಿ ಹರಾಜಿನ ದರ. ಈ ನಾಲ್ಕನ್ನು ಮಾತ್ರ ಕೈಯಿಂದ ತುಂಬುತ್ತೀರಿ. ಇ ಕಾಲಂನಲ್ಲಿ ಹೆಸರು ತಾನೇ ಬರಬೇಕು:

=ವಿಲುಕಪ್(ಬಿ2,ರೈತರು!$ಎ:$ಇ,2,0)

ಒಂದೊಂದಾಗಿ ನೋಡೋಣ. ಬಿ2 ಎಂದರೆ ಯಾವ ಸಂಖ್ಯೆಯನ್ನು ಹುಡುಕಬೇಕು ಎಂಬುದು. ರೈತರು!$ಎ:$ಇ ಎಂದರೆ ಎಲ್ಲಿ ಹುಡುಕಬೇಕು ಎಂಬುದು, ಫಾರ್ಮುಲಾ ಎಳೆದಾಗ ಆ ಕಾಲಂ ಕದಲದಂತೆ ಹಿಡಿಯುವುದು ಡಾಲರ್ ಚಿಹ್ನೆ. ಹುಡುಕಾಟ ಯಾವಾಗಲೂ ಆ ಭಾಗದ ಮೊದಲ ಕಾಲಂನಲ್ಲೇ ನಡೆಯುವುದರಿಂದ ಸಂಖ್ಯೆ ಎಡತುದಿಯಲ್ಲೇ ಇರಬೇಕು. 500ನೇ ಸಾಲಿನವರೆಗೆ ಅಂತ ಗಡಿ ಹಾಕದೆ ಪೂರ್ತಿ ಕಾಲಂ ಕೊಟ್ಟಿದ್ದೇವೆ, ಹೊಸ ರೈತರು ಸೇರಿದರೂ ಫಾರ್ಮುಲಾ ಮುಟ್ಟಬೇಕಿಲ್ಲ. 2 ಎಂದರೆ ಎರಡನೇ ಕಾಲಂ, ಅಂದರೆ ಹೆಸರು. ಊರು ಬೇಕಾದರೆ 3, ಫೋನ್ ಬೇಕಾದರೆ 4.

ಕೊನೆಯ ಸೊನ್ನೆಯನ್ನು ಎಂದೂ ಬಿಡಬೇಡಿ. ‘ಸರಿಯಾಗಿ ಇದೇ ಸಂಖ್ಯೆ ಸಿಕ್ಕರೆ ಮಾತ್ರ ಉತ್ತರ ಕೊಡು’ ಎಂಬ ಆಜ್ಞೆ ಅದು. ಬಿಟ್ಟರೆ ಎಕ್ಸೆಲ್ ಹತ್ತಿರದ ಸಂಖ್ಯೆಯನ್ನು ಹಿಡಿಯುತ್ತದೆ. ಪಟ್ಟಿಯಲ್ಲಿ 1042 ಇಲ್ಲದಿದ್ದರೆ ಅದಕ್ಕಿಂತ ಚಿಕ್ಕದಾದ 1041ರ ಹೆಸರನ್ನು ತಂದಿಟ್ಟು ಸುಮ್ಮನಾಗುತ್ತದೆ. ತಪ್ಪು ಸಂದೇಶ ಬಂದಿದ್ದರೆ ನಾವು ನೋಡಿ ಸರಿ ಮಾಡುತ್ತಿದ್ದೆವು. ಇಲ್ಲಿ ಒಬ್ಬ ನಿಜವಾದ ರೈತರ ಹೆಸರೇ ಬಂದಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಣದ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿಲ್ಲ.

ಎಕ್ಸೆಲ್ 2021 ಅಥವಾ ಮೈಕ್ರೋಸಾಫ್ಟ್ 365 ಇದ್ದರೆ ಎಕ್ಸ್‌ಲುಕಪ್ ಬಳಸಿ. ಅದರಲ್ಲಿ ಏನೂ ಹೇಳದಿದ್ದರೂ ಸರಿಯಾದ ಹೊಂದಿಕೆಯನ್ನೇ ನೋಡುತ್ತದೆ, ಕಾಲಂ ಎಣಿಸುವ ತಾಪತ್ರಯವೂ ಇಲ್ಲ:

=ಎಕ್ಸ್‌ಲುಕಪ್(ಬಿ2,ರೈತರು!$ಎ:$ಎ,ರೈತರು!$ಬಿ:$ಬಿ,"ಸಂಖ್ಯೆ ಇಲ್ಲ")

ಆದರೆ ಈ ಫೈಲನ್ನು 2016 ಅಥವಾ 2019ರ ಎಕ್ಸೆಲ್ ಇರುವ ಕಂಪ್ಯೂಟರಿನಲ್ಲೂ ತೆರೆಯಬೇಕಾದರೆ ವಿಲುಕಪ್ಪೇ ಕ್ಷೇಮ. ವಿಲುಕಪ್ ಬಳಸುವಾಗ ರೈತರ ಶೀಟಿಗೆ ಹೊಸ ಕಾಲಂ ಸೇರಿಸಬೇಕಾದರೆ ಕೊನೆಯಲ್ಲೇ ಸೇರಿಸಿ. ನಡುವೆ ತೂರಿಸಿದರೆ 2, 3 ಎಂಬ ಎಣಿಕೆ ತಪ್ಪಿ ಊರಿನ ಜಾಗದಲ್ಲಿ ಹೆಸರು ಬರಬಹುದು.

ಎಫ್ ಕಾಲಂನಲ್ಲಿ ಇದೇ ರೀತಿ ಊರನ್ನು ತನ್ನಿ. ಜಿಯಲ್ಲಿ ಮೊತ್ತ, =ಸಿ2*ಡಿ2. ಹೆಚ್‌ನಲ್ಲಿ ಗಾಡಿ ಬಾಡಿಗೆ. ‘ಬಾಡಿಗೆ’ ಶೀಟಿನ ಎ ಕಾಲಂನಲ್ಲಿ ಊರುಗಳು, ಬಿಯಲ್ಲಿ ಒಂದು ಬಾಕ್ಸಿನ ಬಾಡಿಗೆ ಇದ್ದರೆ,

=ವಿಲುಕಪ್(ಎಫ್2,ಬಾಡಿಗೆ!$ಎ:$ಬಿ,2,0)*ಸಿ2

ಇಲ್ಲಿ ಊರಿನ ಹೆಸರಿನಿಂದ ಹುಡುಕುತ್ತಿರುವುದರಿಂದ ಅಕ್ಷರ ವ್ಯತ್ಯಾಸದ ತೊಂದರೆ ಮತ್ತೆ ಎದುರಾಗುತ್ತದೆ. ರೈತರ ಶೀಟಿನ ಸಿ ಕಾಲಂನಲ್ಲಿ ಊರನ್ನು ಟೈಪ್ ಮಾಡಲು ಬಿಡದೆ, ಡೇಟಾ ಮೆನುವಿನ ಡೇಟಾ ವ್ಯಾಲಿಡೇಷನ್‌ನಲ್ಲಿ ಲಿಸ್ಟ್ ಆರಿಸಿ, ಬಾಡಿಗೆ ಶೀಟಿನ ಊರುಗಳನ್ನೇ ಮೂಲವಾಗಿ ಕೊಡಿ. ಆಗ ವಕ್ಕಲೇರಿಯಾಗಲಿ ವೇಮಗಲ್ ಆಗಲಿ ಆಯ್ಕೆ ಮಾಡುವುದಷ್ಟೇ ಕೆಲಸ.

ಉದಾಹರಣೆಗೆ 1042ನೇ ಸಂಖ್ಯೆಯವರು ವಕ್ಕಲೇರಿಯಿಂದ 85 ಬಾಕ್ಸ್ ತಂದರು, ಹರಾಜಿನಲ್ಲಿ ಬಾಕ್ಸಿಗೆ 320 ರೂಪಾಯಿ ಬಿತ್ತು, ಬಾಡಿಗೆ ಬಾಕ್ಸಿಗೆ 12 ರೂಪಾಯಿ ಎಂದುಕೊಳ್ಳಿ. ನೀವು 1042, 85, 320 ಇಷ್ಟನ್ನು ಟೈಪ್ ಮಾಡುತ್ತೀರಿ. ಹೆಸರು, ಊರು, 27,200 ರೂಪಾಯಿ ಮೊತ್ತ, 1,020 ರೂಪಾಯಿ ಬಾಡಿಗೆ, ನಾಲ್ಕೂ ತಾವಾಗಿ ಬರುತ್ತವೆ.

ಯಾವುದು ಲಿಂಕ್ ಆಗಿರಬೇಕು, ಯಾವುದು ಗಟ್ಟಿಯಾಗಬೇಕು

ಲಿಂಕ್ ಮಾಡಲು ಕಲಿತವರೂ ಮರೆಯುವ ವಿಷಯ ಇದು. ಫಾರ್ಮುಲಾ ತಂದ ಮೌಲ್ಯ ಸದಾ ಜೀವಂತ. ಡೀಸೆಲ್ ದರ ಏರಿತೆಂದು ಆಗಸ್ಟಿನಲ್ಲಿ ಬಾಡಿಗೆ ಶೀಟಿನಲ್ಲಿ 12ನ್ನು 14 ಮಾಡಿದಿರಿ ಅನ್ನಿ. ಆ ಕ್ಷಣದಲ್ಲೇ ಜೂನ್, ಜುಲೈನ ಎಲ್ಲಾ ಸಾಲುಗಳಲ್ಲೂ ಬಾಡಿಗೆ ಬದಲಾಗುತ್ತದೆ. ರೈತರ ಕೈಯಲ್ಲಿರುವ ಬಿಲ್ಲಿನಲ್ಲಿ 1,020, ನಿಮ್ಮ ಕಂಪ್ಯೂಟರಿನಲ್ಲಿ 1,190. ಅವರು ಹಳೆಯ ಬಿಲ್ ಹಿಡಿದು ಕೇಳಲು ಬಂದಾಗ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಅದಕ್ಕೆ ಒಂದು ನಿಯಮ ಇಟ್ಟುಕೊಳ್ಳಿ. ಹೆಸರು, ಫೋನ್, ಊರಿನಂಥ ಗುರುತಿನ ವಿವರ ಲಿಂಕ್ ಆಗಿಯೇ ಇರಲಿ, ತಿದ್ದಿದರೆ ಎಲ್ಲ ಕಡೆ ತಿದ್ದಿದಂತಾಗುವುದು ಒಳ್ಳೆಯದೇ. ಹಣದ ವಿವರ ಮಾತ್ರ ಬಿಲ್ ಕೊಟ್ಟ ಮೇಲೆ ಬದಲಾಗಬಾರದು. ದಿನದ ಲೆಕ್ಕ ಮುಗಿದ ಮೇಲೆ ಆ ದಿನದ ಹೆಚ್ ಕಾಲಂನ ಸಾಲುಗಳನ್ನು ಆಯ್ದು ಕಾಪಿ ಮಾಡಿ, ಅದೇ ಜಾಗದ ಮೇಲೆ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಆರಿಸಿ ಪೇಸ್ಟ್ ಮಾಡಿ. ಫಾರ್ಮುಲಾ ಹೋಗಿ ಅಂಕಿ ಉಳಿಯುತ್ತದೆ. ರೈತರು ಊರು ಬದಲಿಸಿದರೂ ಆಗ ಹಳೆಯ ಬಾಡಿಗೆ ಕದಲುವುದಿಲ್ಲ.

ಮುಂಗಡ ಕೂಡಿಸುವುದು

‘ಮುಂಗಡ’ ಶೀಟಿನಲ್ಲಿ ಎ ದಿನಾಂಕ, ಬಿ ರೈತರ ಸಂಖ್ಯೆ, ಸಿ ಮೊತ್ತ. ಒಬ್ಬರಿಗೆ ಬೀಜಕ್ಕೊಮ್ಮೆ, ಔಷಧಿಗೊಮ್ಮೆ, ಕೂಲಿಗೊಮ್ಮೆ ಮುಂಗಡ ಕೊಟ್ಟಿರುತ್ತೀರಿ. ವಿಲುಕಪ್ ಮೊದಲು ಸಿಕ್ಕ ಒಂದನ್ನು ಮಾತ್ರ ತರುತ್ತದೆ, ಆದ್ದರಿಂದ ಇಲ್ಲಿ ಸಮ್‌ಇಫ್ ಬೇಕು. ‘ಬಿಲ್’ ಶೀಟಿನ ಬಿ1ರಲ್ಲಿ ರೈತರ ಸಂಖ್ಯೆ ಇದ್ದರೆ:

=ಸಮ್‌ಇಫ್(ಮುಂಗಡ!$ಬಿ:$ಬಿ,$ಬಿ$1,ಮುಂಗಡ!$ಸಿ:$ಸಿ)

ಆ ರೈತರ ಹೆಸರಿನಲ್ಲಿರುವ ಒಟ್ಟು ಬಾಕಿ ಬರುತ್ತದೆ. 1042ರವರ ಬಾಕಿ 5,000 ಇದ್ದು ಅಷ್ಟನ್ನೂ ಇವತ್ತೇ ಹಿಡಿದುಕೊಂಡರೆ ಅವರ ಕೈಗೆ 21,180 ರೂಪಾಯಿ. ಹಿಡಿದುಕೊಂಡ ತಕ್ಷಣ ಮುಂಗಡದ ಶೀಟಿನಲ್ಲಿ ಹೊಸ ಸಾಲು ಬರೆದು, ಮೊತ್ತದ ಜಾಗದಲ್ಲಿ ಮೈನಸ್ 5,000 ಹಾಕಬೇಕು. ಇಲ್ಲದಿದ್ದರೆ ಮುಂದಿನ ಸಲ ಅದೇ ಹಣವನ್ನು ಅವರಿಂದ ಮತ್ತೊಮ್ಮೆ ಹಿಡಿದಂತಾಗುತ್ತದೆ.

ದಿನಕ್ಕೊಂದು ಶೀಟು ಮಾಡಿಕೊಂಡವರಿಗೆ ಎರಡು ಮಾತು. ಎಕ್ಸೆಲ್‌ನಲ್ಲಿ =ಸಮ್('1:31'!ಸಿ60) ಎಂದರೆ 1ನೇ ಶೀಟಿನಿಂದ 31ರವರೆಗೆ ಎಲ್ಲದರ ಸಿ60 ಕೂಡುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಈ ಸೌಲಭ್ಯವಿಲ್ಲ. ನನ್ನ ಸಲಹೆ, ಹೊಸ ತಿಂಗಳಿನಿಂದಲಾದರೂ ಎಲ್ಲಾ ದಿನಗಳನ್ನೂ ಒಂದೇ ಆವಕ ಶೀಟಿಗೆ ತನ್ನಿ. ದಿನಾಂಕದ ಕಾಲಂ ಇರುವಾಗ ಶೀಟು ಒಡೆಯುವ ಅಗತ್ಯವೇ ಇಲ್ಲ.

ಬೇರೆ ಫೈಲಿನಿಂದ ತರುವುದು

ಒಂದೇ ಫೈಲಿನಲ್ಲಿ ಇಡಲು ಸಾಧ್ಯವಿದ್ದರೆ ಒಂದೇ ಫೈಲಿನಲ್ಲಿಡಿ. ಆದರೂ ರೈತರ ಪಟ್ಟಿ ಒಂದು ಫೈಲು, ತಿಂಗಳಿಗೊಂದು ಆವಕದ ಫೈಲು ಅಂತ ಮಾಡುವುದಕ್ಕೆ ಕಾರಣಗಳಿರುತ್ತವೆ. ಆಗ ಎರಡೂ ಫೈಲು ತೆರೆದಿಟ್ಟುಕೊಂಡು, ಸಮ ಚಿಹ್ನೆ ಒತ್ತಿ, ಇನ್ನೊಂದು ಫೈಲಿಗೆ ಹೋಗಿ ಸೆಲ್ ಕ್ಲಿಕ್ ಮಾಡಿ, ಎಂಟರ್ ಒತ್ತಿ. ಚೌಕ ಆವರಣದೊಳಗೆ ಫೈಲಿನ ಹೆಸರು, ಆಮೇಲೆ ಶೀಟು, ಆಮೇಲೆ ಸೆಲ್ ಬರುತ್ತದೆ. ಮೂಲ ಫೈಲ್ ಮುಚ್ಚಿದ ಮೇಲೆ ನೋಡಿದರೆ ಫೋಲ್ಡರಿನ ಪೂರ್ತಿ ದಾರಿಯೂ ಸೇರಿರುತ್ತದೆ.

ಹೀಗೆ ಮಾಡಿದಾಗ ಸೆಲ್ಲಿನ ಹೆಸರಿಗೆ ಎರಡು ಡಾಲರ್ ಚಿಹ್ನೆ ತಾವಾಗಿಯೇ ಅಂಟಿಕೊಂಡಿರುತ್ತವೆ. ಹಾಗೇ ಕೆಳಗೆ ಎಳೆದರೆ ಎಲ್ಲಾ ಸಾಲಿನಲ್ಲೂ ಒಂದೇ ಮೌಲ್ಯ. ಎಳೆಯುವ ಮೊದಲು ಫಾರ್ಮುಲಾದ ಆ ಭಾಗದ ಮೇಲೆ ಕರ್ಸರ್ ಇಟ್ಟು, ಡಾಲರ್ ಹೋಗುವವರೆಗೆ ಎಫ್4 ಒತ್ತಿ.

ಎರಡೂ ಫೈಲನ್ನು ಒಂದೇ ಫೋಲ್ಡರಿನಲ್ಲಿಡಿ, ಪೆನ್‌ಡ್ರೈವಿಗೆ ಹಾಕುವಾಗಲೂ ಫೋಲ್ಡರ್ ಸಮೇತ ಹಾಕಿ. ಮೂಲ ಫೈಲಿನ ಹೆಸರು ಬದಲಾಯಿಸಿದರೆ ಲಿಂಕ್ ಕಡಿಯುತ್ತದೆ. ಡೇಟಾ ಮೆನುವಿನ ಎಡಿಟ್ ಲಿಂಕ್ಸ್‌ಗೆ ಹೋಗಿ ಚೇಂಜ್ ಸೋರ್ಸ್‌ನಲ್ಲಿ ಹೊಸ ಫೈಲ್ ತೋರಿಸಿದರೆ ಎಲ್ಲಾ ಫಾರ್ಮುಲಾಗಳೂ ಒಟ್ಟಿಗೆ ಸರಿಹೋಗುತ್ತವೆ. ಹೊಸ ಎಕ್ಸೆಲ್‌ನಲ್ಲಿ ಅದರ ಹೆಸರು ವರ್ಕ್‌ಬುಕ್ ಲಿಂಕ್ಸ್. ಇನ್ನೊಂದು ಎಚ್ಚರ: ಎರಡೂ ಫೈಲು ತೆರೆದಿರುವಾಗ ಬ್ಯಾಕಪ್‌ಗೆಂದು ಮೂಲ ಫೈಲನ್ನು ಸೇವ್ ಆ್ಯಸ್ ಮಾಡಿದರೆ, ಲಿಂಕುಗಳು ಹೊಸ ಹೆಸರಿನ ಫೈಲಿಗೆ ತಿರುಗಿಬಿಡುತ್ತವೆ. ಬ್ಯಾಕಪ್ ಬೇಕಾದರೆ ಫೈಲ್ ಮುಚ್ಚಿ, ಫೋಲ್ಡರಿನಲ್ಲಿ ಕಾಪಿ ಪೇಸ್ಟ್ ಮಾಡಿ.

ಮೂಲ ಫೈಲ್ ಮುಚ್ಚಿದ್ದರೂ ವಿಲುಕಪ್ ಕೆಲಸ ಮಾಡುತ್ತದೆ. ಸಮ್‌ಇಫ್ ಮಾಡುವುದಿಲ್ಲ, ವ್ಯಾಲ್ಯೂ ಎಂಬ ದೋಷ ತೋರಿಸುತ್ತದೆ. ಆ ಫೈಲ್ ತೆರೆದರೆ ಸರಿಹೋಗುತ್ತದೆ. ತೆರೆಯದೆಯೇ ಆಗಬೇಕೆಂದರೆ ಸಮ್‌ಪ್ರಾಡಕ್ಟ್ ಬಳಸಬೇಕು. ಮುಂಗಡದ ಲೆಕ್ಕವನ್ನು ಬಿಲ್ ಇರುವ ಫೈಲಿನಲ್ಲೇ ಇಡಿ ಎಂದು ನಾನು ಹೇಳುವುದು ಇದಕ್ಕೇ.

ಗೂಗಲ್ ಶೀಟ್ಸ್‌ನಲ್ಲಿ

ಮಾಲೀಕರು ಫೋನಿನಲ್ಲೇ ದಿನದ ಲೆಕ್ಕ ನೋಡಬೇಕು ಎಂದರೆ ಗೂಗಲ್ ಶೀಟ್ಸ್ ಅನುಕೂಲ. ಫೈಲುಗಳ ನಡುವೆ ಲಿಂಕ್ ಮಾಡಲು ಇಂಪೋರ್ಟ್‌ರೇಂಜ್ ಎಂಬ ಫಂಕ್ಷನ್ ಇದೆ:

=ಇಂಪೋರ್ಟ್‌ರೇಂಜ್("ಮೂಲ ಫೈಲಿನ ವಿಳಾಸ","ರೈತರು!ಎ:ಸಿ")

ವಿಳಾಸವನ್ನು ಬ್ರೌಸರಿನ ಮೇಲ್ಪಟ್ಟಿಯಿಂದ ಕಾಪಿ ಮಾಡಿ. ಮೊದಲ ಸಲ ರೆಫ್ ಎಂಬ ದೋಷ ಕಾಣುತ್ತದೆ. ಅದರ ಮೇಲೆ ಕರ್ಸರ್ ಇಟ್ಟರೆ ಅಲೋ ಆ್ಯಕ್ಸೆಸ್ ಬಟನ್ ಬರುತ್ತದೆ, ಒತ್ತಿ. ಸಾಲಿಗೊಂದು ಇಂಪೋರ್ಟ್‌ರೇಂಜ್ ಬರೆಯಬೇಡಿ, ಶೀಟ್ ನಿಧಾನವಾಗುತ್ತದೆ. ಒಂದು ಶೀಟಿಗೆ ಪೂರ್ತಿ ಪಟ್ಟಿಯನ್ನು ಒಮ್ಮೆ ತಂದುಕೊಂಡು, ವಿಲುಕಪ್ಪನ್ನು ಅಲ್ಲಿಂದ ಮಾಡಿ.

ಅಲೋ ಒತ್ತುವ ಮೊದಲು ಯೋಚಿಸಿ. ನೀವು ಎ, ಬಿ, ಸಿ ಕಾಲಂ ಮಾತ್ರ ತರಿಸಿರಬಹುದು, ಆದರೆ ಅನುಮತಿ ಸಿಗುವುದು ಪೂರ್ತಿ ಮೂಲ ಫೈಲಿಗೆ. ನಿಮ್ಮ ಫೈಲನ್ನು ಎಡಿಟ್ ಮಾಡಬಲ್ಲ ಯಾರೇ ಆದರೂ ಫಾರ್ಮುಲಾ ತಿದ್ದಿ ಇ ಕಾಲಂನ ಖಾತೆ ನಂಬರುಗಳನ್ನೂ ಎಳೆದುಕೊಳ್ಳಬಹುದು. ರೈತರು ನಮ್ಮನ್ನು ನಂಬಿ ಕೊಟ್ಟ ನಂಬರ್ ಅದು. ಖಾತೆ ವಿವರವನ್ನು ಬೇರೆಯೇ ಫೈಲಿನಲ್ಲಿಡಿ, ಆ ಫೈಲನ್ನು ಹಣ ಹಾಕುವವರ ಹೊರತು ಯಾರೊಂದಿಗೂ ಹಂಚಿಕೊಳ್ಳಬೇಡಿ.

ದೋಷ ಬಂದಾಗ

ಎನ್‌ಎ ಎಂದು ಬಂದರೆ ಹುಡುಕಿದ್ದು ಸಿಗಲಿಲ್ಲ ಎಂದರ್ಥ. ಸಂಖ್ಯೆ ಕಣ್ಣೆದುರೇ ಇದ್ದೂ ಎನ್‌ಎ ಬಂದರೆ, ಒಂದು ಕಡೆ ಅದು ಅಂಕಿಯಾಗಿ, ಇನ್ನೊಂದು ಕಡೆ ಟೆಕ್ಸ್ಟ್ ಆಗಿ ಕುಳಿತಿರುತ್ತದೆ. ಸೆಲ್ಲಿನ ಮೂಲೆಯಲ್ಲಿ ಹಸಿರು ತ್ರಿಕೋನ ಕಂಡರೆ ಕ್ಲಿಕ್ ಮಾಡಿ ನಂಬರ್‌ಗೆ ಬದಲಾಯಿಸಿ. ಹೆಸರಿನ ಸುತ್ತ ಸ್ಪೇಸ್ ಇದ್ದರೆ ಟ್ರಿಮ್ ಫಂಕ್ಷನ್ ತೆಗೆಯುತ್ತದೆ. ರೆಫ್ ಎಂದರೆ ಫಾರ್ಮುಲಾ ನೋಡುತ್ತಿದ್ದ ಕಾಲಂ ಅಥವಾ ಶೀಟನ್ನು ಯಾರೋ ಅಳಿಸಿದ್ದಾರೆ. ಕಾಲಂ ಆದರೆ ತಕ್ಷಣ ಕಂಟ್ರೋಲ್ ಝಡ್ ಒತ್ತಿ, ಅಳಿಸಿದ ಶೀಟು ಮಾತ್ರ ಎಕ್ಸೆಲ್‌ನಲ್ಲಿ ಹಾಗೆ ವಾಪಸ್ ಬರುವುದಿಲ್ಲ. ನೇಮ್ ಎಂದರೆ ಫಂಕ್ಷನ್ನಿನ ಹೆಸರು ತಪ್ಪಿದೆ, ಇಲ್ಲವೇ ಹಳೆಯ ಎಕ್ಸೆಲ್‌ನಲ್ಲಿ ಎಕ್ಸ್‌ಲುಕಪ್ ಇದೆ.

ದೋಷ ಕಣ್ಣಿಗೆ ಕಾಣಬಾರದೆಂದು ಇಫ್‌ಎರರ್ ಹಾಕಿ ಖಾಲಿ ಬಿಡುವವರಿದ್ದಾರೆ. ಬಾಡಿಗೆ ಸಿಗದೆ ಖಾಲಿ ಉಳಿದರೆ ಒಟ್ಟು ಲೆಕ್ಕ ತಪ್ಪಾಗುತ್ತದೆ, ಯಾಕೆಂದೂ ಗೊತ್ತಾಗುವುದಿಲ್ಲ. ಹಾಕಲೇಬೇಕಿದ್ದರೆ ‘ಊರು ಸೇರಿಸಿ’ ಎಂಬಂಥ ಮಾತು ಕಾಣುವಂತೆ ಇಫ್‌ಎನ್‌ಎ ಹಾಕಿ.

ಫೈಲ್ ಕಳಿಸುವ ಮೊದಲು

ಬೇರೆ ಫೈಲಿಗೆ ಲಿಂಕ್ ಇರುವ ಎಕ್ಸೆಲ್ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ, ತೆರೆದವರಿಗೆ ಕೊನೆಯ ಸಲ ಸೇವ್ ಆದ ಅಂಕಿಗಳು ಕಾಣುತ್ತವೆ. ಅಪ್‌ಡೇಟ್ ಒತ್ತಿದರೆ ಮೂಲ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಇದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಫಾರ್ಮುಲಾ ನೋಡಿದ ಮೂಲ ಪಟ್ಟಿಯ ಮೌಲ್ಯಗಳನ್ನು ಎಕ್ಸೆಲ್ ಈ ಫೈಲಿನೊಳಗೂ ಉಳಿಸಿಕೊಂಡಿರುತ್ತದೆ. ಶೀಟಿನಲ್ಲಿ ಕಾಣದ ಖಾತೆ ನಂಬರುಗಳೂ ಹಾಗೆ ಜೊತೆಗೆ ಹೋಗಬಹುದು.

ಆದ್ದರಿಂದ ಕಳಿಸಲು ಬೇರೆ ಪ್ರತಿ ಮಾಡಿ. ಆ ಪ್ರತಿಯಲ್ಲಿ ಎಡಿಟ್ ಲಿಂಕ್ಸ್ ತೆರೆದು ಬ್ರೇಕ್ ಲಿಂಕ್ ಒತ್ತಿ, ಫಾರ್ಮುಲಾಗಳೆಲ್ಲ ಅಂಕಿಗಳಾಗುತ್ತವೆ. ರೈತರ ಶೀಟು ಅದೇ ಫೈಲಿನಲ್ಲಿದ್ದರೆ ಪ್ರತಿಯಲ್ಲಿ ಬಿಲ್ಲಿನ ಅಂಕಿಗಳನ್ನು ವ್ಯಾಲ್ಯೂಸ್ ಆಗಿ ಪೇಸ್ಟ್ ಮಾಡಿಕೊಂಡು, ಆಮೇಲೆ ಆ ಶೀಟನ್ನು ಅಳಿಸಿ. ಅದನ್ನು ಹೈಡ್ ಮಾಡಿದರೆ ಸಾಲದು. ರೈತರಿಗೆ ಕಳಿಸುವ ಬಿಲ್ ಆದರೆ ಇದ್ಯಾವುದೂ ಬೇಡ, ಬಿಲ್ ಶೀಟನ್ನು ಮಾತ್ರ ಪಿಡಿಎಫ್ ಮಾಡಿ ಅವರ ನಂಬರಿಗೆ ಕಳಿಸಿ.